ಮೇಷ್ಟ್ರ ಪುಸ್ತಕ ಮತ್ತು ಕದ್ದ ಪೇಜ್‌ಮೇಕರ್

ಹೋದ ತಿಂಗಳು ಊರಿಗೆ ಹೋಗಿದ್ದಾಗ ಮೇಷ್ಟ್ರು ಒಂದು ಸಿಡಿ ತಂದು ಕೈಗಿಟ್ಟರು. "ನನ್ನ ಪುಸ್ತಕ ಇದರಾಗೆ ಐತಪ್ಪ. ಮೊಬೈಲಲ್ಲಿ ಓದೋ ಹಂಗೆ ಮಾಡಿಕೊಡು" ಅಂದರು. ಸಿಡಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದ ಅಕ್ಷರ ನೋಡಿದೆ. ನನ್ನದೇ!

2006ರಲ್ಲಿ ದಾವಣಗೆರೆಯ ಒಂದು ಡಿಟಿಪಿ ಸೆಂಟರಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸಿಕೊಡುವ ಅಂಗಡಿಯಲ್ಲಿ, ಆ ಪುಸ್ತಕ ಕಂಪೋಸ್ ಮಾಡಿದವನು ನಾನು. ಅವರ ಊರಿನ ಕೆರೆ, ಗುಡಿ, ಜಾತ್ರೆ, ಯಾವ ಮನೆತನ ಎಲ್ಲಿಂದ ಬಂತು ಅನ್ನುವ ಕತೆಗಳು. ರಿಟೈರ್ ಆದ ದುಡ್ಡಿನಲ್ಲಿ 500 ಪ್ರತಿ ಅಚ್ಚು ಹಾಕಿಸಿದ್ದರು. ಈಗ ಅವರ ಹತ್ತಿರ ಉಳಿದಿರುವುದು ಎರಡು. ಅದರಲ್ಲಿ ಒಂದಕ್ಕೆ ಗೆದ್ದಲು ಹಿಡಿದಿದೆ.

"ಅರ್ಧ ಗಂಟೆ ಕೆಲಸ ಮೇಷ್ಟ್ರೇ" ಅಂತ ದೊಡ್ಡದಾಗಿ ಹೇಳಿ ಬಂದೆ. ಮೂರು ವಾರ ಹಿಡಿಯಿತು.

ಆ ಸೆಂಟರಿನ ಬಗ್ಗೆ ಸ್ವಲ್ಪ ಹೇಳಬೇಕು. ಮೂರು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಜೆರಾಕ್ಸ್ ಮಷಿನ್. ಓನರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ನನ್ನ ಸಂಬಳ ತಿಂಗಳಿಗೆ 1,800 ರೂಪಾಯಿ. ಅಣ್ಣನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒಂದು ಸಿಡಿ ಪೌಚ್ ಇರುತ್ತಿತ್ತು. ವಿಂಡೋಸ್, ಪುಟ ಜೋಡಿಸುವ ಪೇಜ್‌ಮೇಕರ್, ಫೋಟೋಶಾಪ್, ಕೋರೆಲ್‌ಡ್ರಾ, ಎಲ್ಲ ಅದರಲ್ಲೇ. ಒಂದೊಂದು ಸಿಡಿಯ ಮೇಲೂ ಅದರ ಸೀರಿಯಲ್ ನಂಬರ್ ಬರೆದಿರುತ್ತಿತ್ತು. ಬೆಂಗಳೂರಿಗೆ ಹೋದವರು ಯಾರೋ ನೂರು ರೂಪಾಯಿಗೆ ಒಂದರಂತೆ ತಂದದ್ದು. ಅದನ್ನು ಕಳ್ಳತನ ಅಂತ ನಾವು ಯಾರೂ ಅಂದುಕೊಂಡಿರಲಿಲ್ಲ. "ಒರಿಜಿನಲ್" ಅಂತ ಒಂದು ಇರುತ್ತದೆ ಅನ್ನುವುದೇ ನನಗೆ ಗೊತ್ತಾಗಿದ್ದು ವರ್ಷದ ನಂತರ.

ಗೊತ್ತಾಗಿದ್ದು ಹೇಗೆ ಅಂದರೆ, ಒಂದು ಮಧ್ಯಾಹ್ನ ಪಕ್ಕದ ರಸ್ತೆಯ ಸೆಂಟರಿನಿಂದ ಫೋನ್ ಬಂತು. "ರೇಡ್ ಅಂತೆ." ಅಷ್ಟೇ ಮಾತು. ಎರಡು ನಿಮಿಷದಲ್ಲಿ ಇಡೀ ಸಾಲಿನ ಶಟರ್‌ಗಳು ಕೆಳಗೆ ಬಂದವು. ಅಣ್ಣ ವೈರುಗಳನ್ನು ಕಿತ್ತು ಒಂದು ಸಿಪಿಯು ಎತ್ತಿಕೊಂಡು ಹಿಂದಿನ ಓಣಿಯ ತಂಗಿ ಮನೆಗೆ ಓಡಿದರು. ಇನ್ನೊಂದನ್ನು ನಾನು ಸೈಕಲ್ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಹೊರಟೆ. ಆವತ್ತು ಯಾರೂ ಬರಲಿಲ್ಲ. ಆದರೆ ಮದುವೆ ಕಾರ್ಡ್ ತೆಗೆದುಕೊಂಡು ಹೋಗಲು ಬಂದಿದ್ದ ಒಬ್ಬರು ಮುಚ್ಚಿದ ಶಟರಿನ ಮುಂದೆ ಸಂಜೆವರೆಗೂ ನಿಂತಿದ್ದರಂತೆ, ಪಾಪ.

ಪೇಜ್‌ಮೇಕರ್ 7ಕ್ಕೆ ಅಮೆರಿಕದಲ್ಲಿ 499 ಡಾಲರ್ ಇತ್ತು. ಆಗಿನ ಲೆಕ್ಕದಲ್ಲಿ 22 ಸಾವಿರ ರೂಪಾಯಿ ಮೇಲೆ. ನನ್ನ ಒಂದು ವರ್ಷದ ಸಂಬಳ. ಪುಟಕ್ಕೆ ಹತ್ತು ರೂಪಾಯಿಯ ಹಾಗೆ ಕಂಪೋಸ್ ಮಾಡುವ ಅಂಗಡಿ ಅದನ್ನು ಕೊಳ್ಳುತ್ತಿತ್ತಾ? ಸಾಧ್ಯವೇ ಇರಲಿಲ್ಲ. ಅದಕ್ಕೇ, ಇಪ್ಪತ್ತು ವರ್ಷದ ನಂತರ ಬೆಂಗಳೂರಿನಲ್ಲಿ ಕೂತು, ಕಂಪನಿ ಕೊಟ್ಟ ಲೈಸೆನ್ಸಿನ ಲ್ಯಾಪ್‌ಟಾಪಿನಲ್ಲಿ, ಅಣ್ಣ ಕಳ್ಳ ಅಂತ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಆ ಪೌಚ್ ಇರದಿದ್ದರೆ ನಾನು ಇವತ್ತು ಸಾಫ್ಟ್‌ವೇರ್ ಕೆಲಸದಲ್ಲಿ ಇರುತ್ತಿರಲಿಲ್ಲ.

ಈ ಮಾತನ್ನು ನನಗಿಂತ ದೊಡ್ಡವರೂ ಹೇಳಿದ್ದಾರೆ. 2007ರಲ್ಲಿ ಬಿಲ್ ಗೇಟ್ಸ್ ರೊಮೇನಿಯಾಕ್ಕೆ ಹೋಗಿದ್ದಾಗ ಆ ದೇಶದ ಅಧ್ಯಕ್ಷ ಬಸೆಸ್ಕು ಪತ್ರಕರ್ತರ ಎದುರೇ ಪೈರಸಿಯನ್ನು, ಅಂದರೆ ಹೀಗೆ ಸಾಫ್ಟ್‌ವೇರ್ ಕದ್ದು ಬಳಸುವುದನ್ನು, ಹೊಗಳಿಬಿಟ್ಟರು. ಅದರಿಂದಲೇ ನಮ್ಮ ಹುಡುಗರು ಕಂಪ್ಯೂಟರ್ ಕಲಿತದ್ದು, ಅದರಿಂದಲೇ ನಮ್ಮ ಐಟಿ ಉದ್ಯಮ ಬೆಳೆದದ್ದು ಅಂತ. ಗೇಟ್ಸ್ ಪಕ್ಕದಲ್ಲೇ ಇದ್ದರು.

ಆದರೆ ಗೇಟ್ಸ್‌ಗೆ ಇದು ಹೊಸ ಸುದ್ದಿಯೇನಲ್ಲ. 1976ರಲ್ಲಿ, ಇನ್ನೂ ಇಪ್ಪತ್ತರ ಹುಡುಗನಾಗಿದ್ದಾಗ, ಕಂಪ್ಯೂಟರ್ ಹವ್ಯಾಸಿಗಳಿಗೆ ಅವರು ಒಂದು ಬಹಿರಂಗ ಪತ್ರ ಬರೆದಿದ್ದರು. ನೀವು ನಮ್ಮ ಬೇಸಿಕ್ ಪ್ರೋಗ್ರಾಮನ್ನು ಕದ್ದು ಬಳಸುತ್ತಿದ್ದೀರಿ, ಹೀಗಾದರೆ ಒಳ್ಳೆಯ ಸಾಫ್ಟ್‌ವೇರ್ ಬರೆಯುವವರು ಯಾರು ಅಂತ ರೇಗಿದ್ದರು. ಇಪ್ಪತ್ತೆರಡು ವರ್ಷ ಕಳೆದ ಮೇಲೆ, 1998ರಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ಸಭೆಯಲ್ಲಿ ಚೀನಾದ ಬಗ್ಗೆ ಅವರು ಆಡಿದ ಮಾತೇ ಬೇರೆ. ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಚಟ ಹತ್ತುತ್ತದೆ, ದುಡ್ಡು ವಸೂಲಿ ಮಾಡುವ ದಾರಿ ಮುಂದಿನ ಹತ್ತು ವರ್ಷದಲ್ಲಿ ಹುಡುಕಿಕೊಂಡರಾಯಿತು ಅನ್ನುವ ಅರ್ಥದ ಮಾತು.

ಜಾತ್ರೆಯಲ್ಲಿ ಮೊದಲ ಸುತ್ತು ಪುಕ್ಕಟೆ ಆಡಿಸುತ್ತಾರಲ್ಲ, ಹಾಗೆ. ಅಣ್ಣನ ಡ್ರಾಯರಿನಲ್ಲಿದ್ದ ಆ ನೂರು ರೂಪಾಯಿ ಸಿಡಿ ಕಂಪನಿಗೆ ಆದ ನಷ್ಟ ಅಂತ ನಾವೂ ನಂಬಿದ್ದೆವು, ಪೊಲೀಸರೂ ನಂಬಿದ್ದರು. ಆದರೆ ಆ 22 ಸಾವಿರ ಯಾವತ್ತೂ ಬರುವ ದುಡ್ಡಾಗಿರಲಿಲ್ಲ. ನಷ್ಟ ಆಗಿದ್ದು ಬೇರೆಯವರಿಗೆ. ಅದು ನನಗೆ ಅರ್ಥವಾಗಿದ್ದು ಮೇಷ್ಟ್ರ ಸಿಡಿ ತೆರೆದ ಮೇಲೆ.

ಮೊದಲನೆಯದಾಗಿ, ಇವತ್ತಿನ ಲ್ಯಾಪ್‌ಟಾಪಿಗೆ ಸಿಡಿ ಡ್ರೈವೇ ಇಲ್ಲ. ಆಫೀಸಿನ ಗೆಳೆಯನ ಹಳೇ ಡ್ರೈವ್ ಇಸಿದುಕೊಂಡು ಬಂದೆ. ಫೈಲುಗಳು ಸಿಕ್ಕವು. ಎಲ್ಲ ಪೇಜ್‌ಮೇಕರ್ ಫೈಲು. ಪೇಜ್‌ಮೇಕರ್ ಸತ್ತು ಬಹಳ ವರ್ಷವಾಯಿತು. 2001ರಲ್ಲಿ ಬಂದ 7ನೇ ಆವೃತ್ತಿಯೇ ಕೊನೆ. ಅದನ್ನು ಮಾರುತ್ತಿದ್ದ ಅಡೋಬಿ ಕಂಪನಿ ಇನ್‌ಡಿಸೈನ್ ಅನ್ನುವ ತನ್ನ ಇನ್ನೊಂದು ಸಾಫ್ಟ್‌ವೇರ್ ಕಡೆ ತಿರುಗಿತು. ಆದರೆ ಇನ್‌ಡಿಸೈನಿನಲ್ಲಿ ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ನಂಬರ್ ಕೊಡುವ ಜಾಗತಿಕ ಪದ್ಧತಿ) ಕನ್ನಡ ಸರಿಯಾಗಿ ಮೂಡಲು 2012ರ ಸಿಎಸ್ 6 ಆವೃತ್ತಿ ಬರಬೇಕಾಯಿತು. ಮರುವರ್ಷವೇ ಕಂಪನಿ ಹೇಳಿತು, ಇನ್ನು ಮೇಲೆ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ವ್ಯವಹಾರ ಇಲ್ಲ, ತಿಂಗಳ ಬಾಡಿಗೆ ಕಟ್ಟಿ ಅಂತ. ನಮ್ಮ ಡಿಟಿಪಿ ಅಂಗಡಿಗಳು ಆ ಬಾಡಿಗೆಯ ಗೊಡವೆಗೇ ಹೋಗಲಿಲ್ಲ. ಪೇಜ್‌ಮೇಕರ್ 7ರಲ್ಲೇ ನಿಂತವು. ಇವತ್ತಿಗೂ ಎಷ್ಟೋ ಕಡೆ ಅಲ್ಲೇ ನಿಂತಿವೆ. ಅಣ್ಣನ ಅಂಗಡಿಯೂ.

ಇನ್ನು ಫೈಲಿನ ಒಳಗೆ ಏನಿತ್ತು ಅಂತ ಹೇಳುತ್ತೇನೆ. ಡಿಟಿಪಿ ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನ್ನಿಸಬಹುದು. ಪೇಜ್‌ಮೇಕರ್‌ಗೆ ಕನ್ನಡವೆಂಬ ಭಾಷೆ ಇರುವುದೇ ಗೊತ್ತಿರಲಿಲ್ಲ. ನಮ್ಮ ಹತ್ತಿರ ಇದ್ದದ್ದಕ್ಕೆ ಗೊತ್ತಿದ್ದದ್ದು ಯುರೋಪಿನ ಅಕ್ಷರಗಳು ಮಾತ್ರ. ಹಾಗಾಗಿ ಶ್ರೀಲಿಪಿ, ಆಕೃತಿ, ಬರಹ, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳೆಲ್ಲವೂ ಒಂದು ವೇಷ ಹಾಕಿಸುತ್ತಿದ್ದವು. ಒಳಗೆ ಇಂಗ್ಲಿಷ್ ಅಕ್ಷರದ ಕೋಡ್, ಮೇಲೆ ಫಾಂಟಿನ ಕನ್ನಡ ಮುಖ. ಆಗಿನ ನುಡಿ ಫಾಂಟಿನಲ್ಲಿ "ಕನ್ನಡ" ಅಂತ ಟೈಪ್ ಮಾಡಿ, ಆ ಫಾಂಟ್ ತೆಗೆದು ನೋಡಿ. ಮೊದಲು ದೊಡ್ಡ ಪಿ. ಆಮೇಲೆ ತಲೆಯ ಮೇಲೆ ಓರೆ ಗೀಟಿರುವ ಎ, ಅದು ನಮ್ಮ ತಲಕಟ್ಟು. ನಂತರ ಬ್ರಿಟನ್ನಿನ ಪೌಂಡ್ ಗುರುತು, ಅದು ನ. ಮತ್ತೆ ತಲಕಟ್ಟು. ನ ಒತ್ತಿಗೆ ಜರ್ಮನ್ ಭಾಷೆಯ ಒಂದು ಅಕ್ಷರ. ಕೊನೆಗೆ ಸಣ್ಣ ಕ್ಯೂ, ಇನ್ನೊಂದು ತಲಕಟ್ಟು. ಏಳು ಗುರುತು, ಅದರಲ್ಲಿ ಒಂದೂ ಕನ್ನಡವಲ್ಲ. ಅರ್ಕಾವತ್ತು ಬೇಕಾದರೆ ಐಸ್‌ಲ್ಯಾಂಡಿನ ಭಾಷೆಯ ಒಂದು ಅಕ್ಷರ ಬಂದು ಕೂರುತ್ತದೆ. ಮೇಷ್ಟ್ರ ಊರಿನ ಧರ್ಮಗುಡಿಯ ಕತೆಯ ತುಂಬ ಐಸ್‌ಲ್ಯಾಂಡ್!

ಕಾಗದದ ಮೇಲೆ ಅಚ್ಚಾಗುವವರೆಗೆ ಇದರಿಂದ ಯಾರಿಗೂ ತೊಂದರೆ ಇಲ್ಲ. ಆದರೆ ಆ ಫೈಲನ್ನು ಹುಡುಕಲು ಆಗುವುದಿಲ್ಲ, ಗೂಗಲ್‌ಗೆ ಕಾಣುವುದಿಲ್ಲ, ಮೊಬೈಲು ಓದುವುದಿಲ್ಲ, ಕಣ್ಣು ಕಾಣದವರಿಗೆ ಕಂಪ್ಯೂಟರ್ ಅದನ್ನು ಓದಿ ಹೇಳುವುದೂ ಇಲ್ಲ. ಇಪ್ಪತ್ತು, ಇಪ್ಪತ್ತೈದು ವರ್ಷ ನಾವು ಕಂಪೋಸ್ ಮಾಡಿದ ಪುಸ್ತಕ, ಸ್ಮರಣ ಸಂಚಿಕೆ, ಪಿಎಚ್‌ಡಿ ಪ್ರಬಂಧ, ಎಲ್ಲ ಹೀಗೇ ಕೂತಿವೆ. ಕನ್ನಡ ಯುನಿಕೋಡಿಗೆ ಸೇರಿದ್ದು 1991ರಲ್ಲಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಫಾಂಟ್ ಬಂದಿತ್ತು. ನಮ್ಮ ಕಂಪ್ಯೂಟರಿನಲ್ಲೂ ಅದು ಇತ್ತು, ಕದ್ದ ಎಕ್ಸ್‌ಪಿ ಜೊತೆ ಬಂದದ್ದು. ನಾವು ಅದನ್ನು ಮುಟ್ಟಲೇ ಇಲ್ಲ. ಪೇಜ್‌ಮೇಕರಿನಲ್ಲಿ ಅದು ಬರೀ ಚೌಕ ಡಬ್ಬಿಗಳಾಗಿ ಕಾಣುತ್ತಿತ್ತು.

ಆಗ ನಾವು ಯಾಕೆ ಗಲಾಟೆ ಮಾಡಲಿಲ್ಲ? ರಾಜ್ಯದ ಗಲ್ಲಿಗಲ್ಲಿಯಲ್ಲಿ ಡಿಟಿಪಿ ಸೆಂಟರ್ ಇದ್ದವು. ಎಲ್ಲರೂ ಸೇರಿ "ನಿಮ್ಮ ಸಾಫ್ಟ್‌ವೇರಿನಲ್ಲಿ ಕನ್ನಡ ಬರಲ್ಲ, ಸರಿ ಮಾಡಿ" ಅಂತ ಒಂದು ಕಾಗದ ಬರೆಯಬಹುದಿತ್ತು ಅಲ್ವಾ? ಬರೆಯುವುದು ಹೇಗೆ? ಬಿಲ್ ನಂಬರ್ ಕೇಳಿದರೆ ಏನು ಕೊಡುವುದು? ಕಂಪನಿಯ ಪುಸ್ತಕದಲ್ಲಿ ನಾವು ಇರಲೇ ಇಲ್ಲ. ಕನ್ನಡಕ್ಕೆ ಎಷ್ಟು ಗಿರಾಕಿ ಇದ್ದಾರೆ ಅಂತ ಅಲ್ಲಿ ಯಾರಾದರೂ ಲೆಕ್ಕ ಹಾಕಿದ್ದರೆ ಬೆರಳೆಣಿಕೆ ಸಿಗುತ್ತಿತ್ತು. ಅಷ್ಟು ಜನಕ್ಕೋಸ್ಕರ ಒತ್ತಕ್ಷರ ಜೋಡಿಸುವ ತಲೆನೋವು ಯಾರಿಗೆ ಬೇಕು? ಕದ್ದ ಮಾಲಿನ ರಿಪೇರಿಗೆ ಅಂಗಡಿಯವನ ಹತ್ತಿರ ಹೋಗಲಾಗುವುದಿಲ್ಲ. ವೇಷ ಹಾಕಿಸಿ ಕೆಲಸ ಸಾಗಿಸಿದೆವು.

ಒಂದು ಪ್ರಾಮಾಣಿಕ ಮಾತು ಸೇರಿಸಬೇಕು. ಆವಾಗ ಮುಕ್ತ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಿ ಒಳಗಿನ ಕೋಡನ್ನೂ ತಿದ್ದಬಹುದಾದ ಸಾಫ್ಟ್‌ವೇರಿಗೆ, ಹೋಗುತ್ತೇನೆ ಅಂದಿದ್ದರೂ ನಮ್ಮ ಕೆಲಸ ಆಗುತ್ತಿರಲಿಲ್ಲ. ಪೇಜ್‌ಮೇಕರ್‌ಗೆ ಬದಲಿ ಅಂದರೆ ಸ್ಕ್ರೈಬಸ್. ಅದಕ್ಕೆ ನಮ್ಮ ಒತ್ತಕ್ಷರಗಳು ಬಂದದ್ದು 2017ರಲ್ಲಿ, ಅದೂ ಪ್ರಯೋಗದ ಆವೃತ್ತಿಯಲ್ಲಿ. ಪಕ್ಕಾ ಆವೃತ್ತಿ 1.6 ಹೊರಗೆ ಬಂದದ್ದು 2024ರ ಜನವರಿಯಲ್ಲಿ. ವಿಂಡೋಸ್ ಬದಲಿಗೆ ಬಳಸುವ ಮುಕ್ತ ತಂತ್ರಾಂಶವಾದ ಲಿನಕ್ಸ್‌ನ ಭಕ್ತರು ಇದನ್ನು ಮುಚ್ಚಿಟ್ಟು ಮಾತಾಡುವುದು ನೋಡಿದರೆ ನನಗೆ ಕಿರಿಕಿರಿ ಆಗುತ್ತದೆ. ಆದರೆ ಅದು ಯಾಕೆ ತಡವಾಯಿತು ಅನ್ನುವುದಕ್ಕೂ ಆ ಸಿಡಿ ಪೌಚೇ ಅರ್ಧ ಉತ್ತರ. ನೂರು ರೂಪಾಯಿಗೆ ಜಗತ್ತಿನ ಅತ್ಯುತ್ತಮ ಸಾಫ್ಟ್‌ವೇರ್ ಸಿಗುವಾಗ, ಅರೆಬೆಂದ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡು, ಅದರ ತಪ್ಪು ಹುಡುಕಿ ಬರೆದು ಕಳಿಸುವ ಹುಚ್ಚ ಯಾರು? ಬಳಸುವವರಿಲ್ಲದೆ ತಪ್ಪು ಕಾಣುವುದಿಲ್ಲ, ತಪ್ಪು ಕಾಣದೆ ಸರಿ ಮಾಡುವವರಿಲ್ಲ.

ಕೇರಳದವರು ಬೇರೆ ದಾರಿ ಹಿಡಿದರು. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರಿನಲ್ಲಿ ಲಿನಕ್ಸ್ ಬಂದು ಹದಿನೈದು ವರ್ಷದ ಮೇಲಾಯಿತು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಅನ್ನುವ ಗುಂಪಿನ ಹುಡುಗರು ಫಾಂಟು, ಕೀಬೋರ್ಡು ಅಂತ ತಾವೇ ಕೂತು ಮಾಡಿದರು. 2019ರಲ್ಲಿ ಸಿಪಿಐ ಪಕ್ಷದ ದಿನಪತ್ರಿಕೆ ಜನಯುಗಂ ಇಡೀ ಪತ್ರಿಕೆಯನ್ನು ಸ್ಕ್ರೈಬಸ್, ಫೋಟೋ ತಿದ್ದುವ ಗಿಂಪ್ ಇಂಥ ಮುಕ್ತ ತಂತ್ರಾಂಶಗಳಿಗೇ ಬದಲಾಯಿಸಿತು, ಅಕ್ಷರವೆಲ್ಲ ಯುನಿಕೋಡ್. ದಿನಾ ಬೆಳಗಾದರೆ ಅಚ್ಚಾಗಲೇಬೇಕಾದ ಪತ್ರಿಕೆ! ನಾನಾಗಿದ್ದರೆ ಅಷ್ಟು ಧೈರ್ಯ ಮಾಡುತ್ತಿರಲಿಲ್ಲ.

ನಮ್ಮಲ್ಲಿ ಬರಹವೂ ಪುಕ್ಕಟೆ ಸಿಗುತ್ತಿತ್ತು, ನುಡಿಯೂ ಪುಕ್ಕಟೆ. ಎರಡಕ್ಕೂ ಕನ್ನಡ ಋಣಿ, ಅದರಲ್ಲಿ ಎರಡು ಮಾತಿಲ್ಲ. ಬರಹದ ಅಕ್ಷರಗಳನ್ನೇ ನುಡಿ ನಕಲು ಮಾಡಿದೆ ಅನ್ನುವ ಜಗಳ ಒಂದು ಕಾಲದಲ್ಲಿ ಜೋರಾಗಿತ್ತು. ಯಾರು ಸರಿ ಅನ್ನುವ ಪಂಚಾಯ್ತಿ ನನಗೆ ಬೇಡ. ನನಗೆ ಕಂಡದ್ದು ಇಷ್ಟು. ಎರಡರಲ್ಲಿ ಯಾವುದರ ಒಳಗೂ ಆಗ ನಮ್ಮಂಥವರು ಇಣುಕುವ ಹಾಗಿರಲಿಲ್ಲ. ಕೊಟ್ಟಷ್ಟು ಪ್ರಸಾದ ತಗೊಂಡು ಹೋಗಬೇಕು, ಅಡುಗೆ ಮನೆಗೆ ಪ್ರವೇಶ ಇಲ್ಲ. ಕೆ.ಪಿ. ರಾವ್ ಅವರು ಮಾಡಿದ ಕೀಬೋರ್ಡ್ ವಿನ್ಯಾಸವನ್ನೇ ನೋಡಿ. ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟದ್ದು. ಇವತ್ತಿಗೂ ನನ್ನ ಬೆರಳು ಓಡುವುದು ಅದರ ಮೇಲೆಯೇ. ಎಷ್ಟು ಸಾಫ್ಟ್‌ವೇರ್ ಬಂದು ಹೋದವು, ಅದು ಉಳಿದಿದೆ.

ಮೇಷ್ಟ್ರ ಫೈಲಿಗೆ ವಾಪಸ್ ಬರೋಣ. ಅದನ್ನು ಕೊನೆಗೂ ತೆರೆದದ್ದು ಯಾವುದು ಗೊತ್ತಾ? ಲಿಬ್ರೆಆಫೀಸ್, ಅದೂ ಒಂದು ಮುಕ್ತ ತಂತ್ರಾಂಶ. 2015ರ ಅದರ 4.4 ಆವೃತ್ತಿಯಿಂದ ಪೇಜ್‌ಮೇಕರ್ ಫೈಲು ಓದುವ ಶಕ್ತಿ ಅದಕ್ಕಿದೆ. ಯಾರೋ ಕೂತು, ಕಂಪನಿ ಯಾವತ್ತೂ ಬಿಟ್ಟುಕೊಡದ ಫೈಲಿನ ಗುಟ್ಟನ್ನು ಬೈಟ್ ಬೈಟ್ ಆಗಿ ಬಿಡಿಸಿ ಬರೆದಿಟ್ಟಿದ್ದಾರೆ. ಪುಟವೆಲ್ಲ ಚೆಲ್ಲಾಪಿಲ್ಲಿ ಆಗಿತ್ತು, ಫೋಟೋಗಳು ಮಾಯ. ಆದರೆ ಅಕ್ಷರ ಸಿಕ್ಕಿತು. ಐಸ್‌ಲ್ಯಾಂಡ್ ಸಮೇತ.

ಅಲ್ಲಿಂದ ಯುನಿಕೋಡಿಗೆ ಬದಲಾಯಿಸಲು ಕನ್ನಡದ ಹುಡುಗರೇ ಬರೆದು ಹಂಚಿದ ಪರಿವರ್ತಕಗಳಿವೆ. ಒಂದನ್ನು ಹಾಕಿ ಓಡಿಸಿದೆ. ನೂರಕ್ಕೆ ತೊಂಬತ್ತು ಭಾಗ ಕನ್ನಡವಾಯಿತು. ಉಳಿದ ಹತ್ತರಲ್ಲೇ ನನ್ನ ಮೂರು ವಾರ ಹೋಯಿತು. ಫಾಂಟಿನ ಲೋಕದಲ್ಲಿ "ಧರ್ಮ" ಬರೆದರೆ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಕೊನೆಗೆ ಬರುತ್ತದೆ. ಯುನಿಕೋಡಿನಲ್ಲಿ ಬಾಯಲ್ಲಿ ಹೇಳುವ ಹಾಗೆ ರಕಾರ ಮೊದಲು. ಪರಿವರ್ತಕ ಅದನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ಕೂರಿಸಬೇಕು. ಒತ್ತಕ್ಷರ ಜೊತೆಗಿದ್ದರೆ ಎಷ್ಟು ಹಿಂದಕ್ಕೆ ಹೋಗಬೇಕು ಅನ್ನುವುದು ತಪ್ಪುತ್ತದೆ. ಇನ್ನು ಮೇಷ್ಟ್ರು ಅಲ್ಲಲ್ಲಿ ಇಂಗ್ಲಿಷ್ ಪದ ಹಾಕಿದ್ದರಲ್ಲ, ಅವೂ ಕನ್ನಡವಾಗಲು ಹೋಗಿ ಬಾಯಿಗೆ ಬಾರದ ಏನೇನೋ ಆಗಿದ್ದವು. ಬ್ರಿಟಿಷ್ ಕಲೆಕ್ಟರನ ಹೆಸರೊಂದನ್ನು ಅಚ್ಚಾದ ಪ್ರತಿ ಪಕ್ಕದಲ್ಲಿಟ್ಟುಕೊಂಡೇ ಸರಿ ಮಾಡಬೇಕಾಯಿತು. ಆ ಜಾಗದಲ್ಲೇ ಗೆದ್ದಲು.

ಒಂದು ತಪ್ಪನ್ನು ಆ ಪರಿವರ್ತಕ ಮಾಡಿದವರಿಗೆ ಬರೆದು ಕಳಿಸಿದೆ. ಎರಡು ದಿನಕ್ಕೆ ಸರಿಯಾಯಿತು. "ಧನ್ಯವಾದ, ಇನ್ನೂ ಸಿಕ್ಕರೆ ತಿಳಿಸಿ" ಅಂತ ಉತ್ತರ. ರಾತ್ರಿ ಹನ್ನೊಂದೂವರೆಗೆ ಬಂದ ಉತ್ತರ ಅದು. ಹಗಲು ಅವರಿಗೂ ಒಂದು ಕೆಲಸ ಇರುತ್ತದೆ, ಸಂಬಳದ್ದು.

ಬಿಟ್ಟಿ ಅನ್ನುವ ಮಾತು ಆಗ ನೆನಪಾಯಿತು. ಈಗ ನಾವು ಪುಕ್ಕಟೆ ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ಅದರ ಮೂಲ ವಿಷ್ಟಿ. ಕೂಲಿ ಇಲ್ಲದೆ ದೊರೆಗೋ ಊರಗೌಡನಿಗೋ ಮಾಡಿಕೊಡಲೇಬೇಕಿದ್ದ ದುಡಿಮೆ. ಬಿಟ್ಟಿ ಚಾಕರಿ ಅನ್ನುವುದರಲ್ಲಿ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ತಗೊಳ್ಳುವವನ ಬಿಟ್ಟಿಯೂ ಮಾಡುವವನ ಬಿಟ್ಟಿಯೂ ಒಂದೇ ಪದ ನೋಡಿ.

2024ರ ಮಾರ್ಚಿನಲ್ಲಿ ಇದೇ ಬಿಟ್ಟಿ ಇಡೀ ಜಗತ್ತನ್ನು ಹೆದರಿಸಿತು. ಎಕ್ಸ್‌ಝಡ್ ಅಂತ ಫೈಲು ಕುಗ್ಗಿಸುವ ಒಂದು ಸಣ್ಣ ಸಾಮಾನು. ಲಿನಕ್ಸ್ ಸರ್ವರುಗಳಲ್ಲೆಲ್ಲ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಲಾಸ್ಸೆ ಕಾಲಿನ್ ಅನ್ನುವ ಒಬ್ಬರೇ, ಸಂಬಳವಿಲ್ಲದೆ. ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ದುಡ್ಡಿಲ್ಲದ ಹವ್ಯಾಸದ ಕೆಲಸ ಅಂತ 2022ರಲ್ಲೇ ಹೇಳಿಕೊಂಡಿದ್ದರು. ಆದರೂ ಗುರುತಿಲ್ಲದ ಹೆಸರುಗಳಿಂದ ಕಾಟ, ಇನ್ನೂ ಯಾಕೆ ಆಗಿಲ್ಲ, ಬೇರೆಯವರಿಗೆ ಬಿಟ್ಟುಕೊಡಿ ಅಂತ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬ ಸಹಾಯಕ್ಕೆ ಬಂದ. ಎರಡು ವರ್ಷ ನಂಬಿಕೆ ಗಳಿಸಿ, ಕೊನೆಗೆ ಬೇರೆಯವರ ಸರ್ವರಿನೊಳಗೆ ನುಗ್ಗಲು ಒಳಗೊಂದು ಕಳ್ಳಬಾಗಿಲು ಇಟ್ಟ. ಅದು ಎಲ್ಲ ಕಡೆ ಹರಡುವ ಮೊದಲೇ ಸಿಕ್ಕಿಬಿದ್ದದ್ದು ಒಬ್ಬ ಎಂಜಿನಿಯರನ ಸಂಶಯದಿಂದ. ಮೈಕ್ರೋಸಾಫ್ಟಿನ ಆಂಡ್ರೆಸ್ ಫ್ರಾಯಿಂಡ್‌ಗೆ ತನ್ನ ಕಂಪ್ಯೂಟರಿನ ಲಾಗಿನ್ ಅರ್ಧ ಸೆಕೆಂಡ್ ತಡವಾಗಿ ಆಗುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್! ನಾನಾದರೆ ಕಾಫಿ ತರಲು ಎದ್ದು ಹೋಗಿರುತ್ತಿದ್ದೆ.

ಒಳಗಿನ ಕೋಡ್ ಎಲ್ಲರಿಗೂ ತೆರೆದಿದ್ದರಿಂದಲೇ ಒಬ್ಬ ಅದರಲ್ಲಿ ಕಳ್ಳಬಾಗಿಲು ಇಡಲು ಆಯಿತು, ತೆರೆದಿದ್ದರಿಂದಲೇ ಇನ್ನೊಬ್ಬ ಅದನ್ನು ಹುಡುಕಲು ಆಯಿತು. ಇದನ್ನು ಎರಡೂ ಕಡೆಯವರು ತಮ್ಮ ವಾದಕ್ಕೆ ಬಳಸುತ್ತಾರೆ, ಬಳಸಲಿ. ನನಗೆ ಅದಕ್ಕಿಂತ ಕಾಡುವುದು ಲಾಸ್ಸೆ ಕಾಲಿನ್, ಎಲ್ಲರೂ ಬಳಸುವ ಕೋಡಿನ ಹಿಂದೆ ಕೂತಿದ್ದ ಆ ಒಬ್ಬ ಮನುಷ್ಯ. ಹರ್ಫ್‌ಬಜ್ ಅಂತ ಇನ್ನೊಂದು ಮುಕ್ತ ತಂತ್ರಾಂಶ ಇದೆ. ನೀವು ಈಗ ಓದುತ್ತಿರುವ ಈ ಸಾಲಿನ ಒತ್ತಕ್ಷರಗಳನ್ನು ಜೋಡಿಸುತ್ತಿರುವುದು ಬಹುಶಃ ಅದೇ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಎಲ್ಲದರಲ್ಲೂ ಅದಿದೆ. ಇನ್‌ಡಿಸೈನಿನ ಒಳಗೂ ಈಗ ಅದೇ ಕೂತಿದೆ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರಿನ ಕನ್ನಡವೂ ಹೀಗೆ ಹಂಚಿದ ಕೋಡಿನಿಂದಲೇ ಬರುತ್ತಿದೆ. ಇದನ್ನು ಅಣ್ಣನಿಗೆ ಹೇಳಿದೆ. "ಹಂಗಾದ್ರೆ ಅವರೂ ನಮ್ಮಂಗೇ" ಅಂತ ನಕ್ಕರು. ಇಲ್ಲ ಅಣ್ಣ, ಅದರ ಲೈಸೆನ್ಸೇ ಹಾಗಿದೆ, ಯಾರು ಬೇಕಾದರೂ ಬಳಸಬಹುದು ಅಂತ ವಿವರಿಸಿದೆ. ಅವರಿಗೆ ಅದು ನನ್ನ ಸಮಜಾಯಿಷಿ ಅನ್ನಿಸಿತು.

ಅಣ್ಣನ ನಗುವಿಗೆ ಅರ್ಥವಿಲ್ಲದೆ ಇಲ್ಲ. 2025ರಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿ ಲೇಖಕರಿಗೆ 150 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಳ್ಳಲು ಒಪ್ಪಿತು. ಕಳ್ಳ ಪುಸ್ತಕಗಳ ಜಾಲತಾಣಗಳಿಂದ ಲಕ್ಷಗಟ್ಟಲೆ ಪುಸ್ತಕ ಇಳಿಸಿಕೊಂಡದ್ದಕ್ಕೆ. ಪುಸ್ತಕಕ್ಕೆ ಸುಮಾರು 3,000 ಡಾಲರ್ ಲೆಕ್ಕ. ಸಿಪಿಯು ಎತ್ತಿಕೊಂಡು ತಂಗಿ ಮನೆಗೆ ಓಡಿದ್ದು ಮಾತ್ರ ನಮ್ಮ ಅಣ್ಣ.

ಹೋದ ಭಾನುವಾರ ಮೇಷ್ಟ್ರ ಮನೆಗೆ ಹೋಗಿ ಅವರ ಮೊಬೈಲಿಗೆ ಪುಸ್ತಕ ಹಾಕಿಕೊಟ್ಟೆ. ಕನ್ನಡಕ ಏರಿಸಿ ಐದು ನಿಮಿಷ ಮೇಲೆ ಕೆಳಗೆ ಜಾರಿಸಿ ನೋಡಿದರು. "ಎಂಟನೇ ಪುಟದಾಗೆ ಅರ್ಕಾವತ್ತು ಬಿಟ್ಟುಹೋಗೇತಿ" ಅಂದರು. ಎಂಬತ್ತು ದಾಟಿದ್ದರೂ ಕಣ್ಣು ಹಾಗೇ ಇದೆ. ಹುಡುಕುವುದು ಹೇಗೆ ಅಂತ ತೋರಿಸಿದೆ. ಯಾವ ಪದ ಹಾಕಲಿ ಮೇಷ್ಟ್ರೇ ಅಂದೆ. ಯೋಚನೆ ಮಾಡಿ "ಸುಪ್ರಸಿದ್ಧ ಅಂತ ಹಾಕು ನೋಡೋಣ" ಅಂದರು. ಹಾಕಿದೆ. 41 ಕಡೆ ಬಂತು.

"ಅಷ್ಟು ಸಲ ಬರೆದೀನಾ?" ಅಂದರು ಮೇಷ್ಟ್ರು. ಮೊಬೈಲ್ ತಮ್ಮ ಕೈಗೆ ತಗೊಂಡರು. "ಪೆನ್ನು ಕೊಡು ಇಲ್ಲಿ."